ಹೈಸ್ಪೀಡ್ ರೈಲಿನ ಬದಲು ಚಾಲಕರಹಿತ ಎಲೆಕ್ಟ್ರಿಕ್ ಗಾಡಿಗಳ ರಸ್ತೆ ಯಾಕಾಗಬಾರದು?

ಹಳಿಯಾಚೆ

ನೇರವಾಗಿಯೇ ಕೇಳ್ತೀನಿ. ಹೈಸ್ಪೀಡ್ ರೈಲು 1964ರ ಉತ್ತರ. ಆ ವರ್ಷ ಟೋಕಿಯೊ–ಒಸಾಕಾ ನಡುವೆ 515 ಕಿ.ಮೀ. ಶಿಂಕಾನ್ಸೆನ್ ರೈಲು ಶುರುವಾದಾಗ ರಸ್ತೆ ಮೇಲಿನ ಗಾಡಿಗೆ ಕಣ್ಣಿರಲಿಲ್ಲ, ಲೆಕ್ಕ ಹಾಕುವ ತಲೆಯೂ ಇರಲಿಲ್ಲ. ಜೋರಾಗಿ ಹೋಗಬೇಕು, ಜೀವವೂ ಉಳಿಯಬೇಕು ಅಂದರೆ ಗಾಡಿಯನ್ನು ಹಳಿಗೆ ಕಟ್ಟಿಹಾಕುವುದೊಂದೇ ದಾರಿಯಾಗಿತ್ತು. ಈಗ ಆ ಅನಿವಾರ್ಯ ಎಲ್ಲಿದೆ?

ನನ್ನ ಪ್ರಸ್ತಾಪ: ಎರಡೂ ಬದಿ ಬೇಲಿ ಹಾಕಿದ, ಚಾಲಕರಹಿತ ಎಲೆಕ್ಟ್ರಿಕ್ ಗಾಡಿಗಳಿಗೆ ಮಾತ್ರ ಮೀಸಲಾದ ರಸ್ತೆ. ಮನುಷ್ಯ ಸ್ಟಿಯರಿಂಗ್ ಹಿಡಿಯುವ ಹಾಗಿಲ್ಲ. ಗಂಟೆಗೆ 200 ಕಿ.ಮೀ. ಗಾಡಿಗಳು ಆರೇಳು ಮೀಟರ್ ಅಂತರದಲ್ಲಿ ಒಂದರ ಬೆನ್ನಿಗೊಂದು ಸಾಲುಗಟ್ಟಿ ಹೋಗುತ್ತವೆ, ಊರು ಬಂದಾಗ ಸಾಲಿನಿಂದ ಕಳಚಿಕೊಂಡು ಮನೆ ಬಾಗಿಲಿಗೆ ತಲುಪಿಸುತ್ತವೆ. ನಿಲ್ದಾಣಕ್ಕೆ ಮುಂಚೆಯೇ ಹೊರಡುವ ಗಡಿಬಿಡಿ, ಇಳಿದ ಮೇಲೆ ಇನ್ನೊಂದು ಗಾಡಿ ಹುಡುಕುವ ತಾಪತ್ರಯ ಎರಡೂ ಇಲ್ಲ.

ಖರ್ಚು ನೋಡಿ. ಕ್ಯಾಲಿಫೋರ್ನಿಯಾದಲ್ಲಿ 2008ರಲ್ಲಿ ಮತದಾರರು ಹೈಸ್ಪೀಡ್ ರೈಲಿಗೆ ಹೂಂ ಅಂದಾಗ ಅಂದಾಜು ಸುಮಾರು 33 ಬಿಲಿಯನ್ ಡಾಲರ್. ಆಮೇಲಿನ ಅಂದಾಜುಗಳು 100 ಬಿಲಿಯನ್ ದಾಟಿದವು. ಬ್ರಿಟನ್ನಿನ ಎಚ್‌ಎಸ್2 ಹೈಸ್ಪೀಡ್ ರೈಲು ಮ್ಯಾಂಚೆಸ್ಟರ್ ತನಕ ಹೋಗಬೇಕಿತ್ತು, 2023ರಲ್ಲಿ ಬರ್ಮಿಂಗ್‌ಹ್ಯಾಮಿನ ಆಚೆಗಿನ ಭಾಗವನ್ನೇ ಕೈಬಿಟ್ಟರು. ರಸ್ತೆಯಾದರೆ 50 ಕಿ.ಮೀ. ಮುಗಿದರೆ ಆ 50 ಕಿ.ಮೀ.ಯನ್ನು ಅವತ್ತಿಂದಲೇ ಬಳಸಬಹುದು. ಇದರಲ್ಲಿ ತಪ್ಪೇನಿದೆ ಅಂತ ತಿಳಿದವರು ಹೇಳಿ.

ಗಾಲಿಗಣಿತ

ತಪ್ಪು ಬ್ರೇಕಿನಲ್ಲಿದೆ. ಸಾಫ್ಟ್‌ವೇರ್ ಎಷ್ಟೇ ಚುರುಕಾದರೂ ಟೈರಿಗೂ ರಸ್ತೆಗೂ ನಡುವಿನ ಘರ್ಷಣೆ ಹೆಚ್ಚಾಗುವುದಿಲ್ಲ. ಮನುಷ್ಯ ಬ್ರೇಕ್ ಒತ್ತಲು ಒಂದೂವರೆ ಸೆಕೆಂಡ್ ತಗೊಂಡರೆ ಕಂಪ್ಯೂಟರ್ ಅದರ ಒಂದು ಸಣ್ಣ ಪಾಲು ತಗೊಳ್ಳಬಹುದು. ಉಳಿತಾಯ ಅಷ್ಟೇ. ಬ್ರೇಕ್ ಒತ್ತಿದ ಮೇಲೆ ಗಾಡಿ ಜಾರುತ್ತಾ ಹೋಗುವ ದೂರ ಭೌತಶಾಸ್ತ್ರದ್ದು.

200 ಕಿ.ಮೀ. ಅಂದರೆ ಸೆಕೆಂಡಿಗೆ 55.6 ಮೀಟರ್. ಒಣ ರಸ್ತೆಯಲ್ಲಿ ಒಳ್ಳೆಯ ಟೈರ್ ಇದ್ದು ಸೆಕೆಂಡಿಗೆ 6 ಮೀಟರಿನಂತೆ ವೇಗ ಇಳಿಸಿದರೂ ನಿಲ್ಲಲು 257 ಮೀಟರ್ ಬೇಕು. ಒದ್ದೆ ರಸ್ತೆಯಲ್ಲಿ 4 ಮೀಟರ್ ಅಂತ ಹಿಡಿಯಿರಿ, 386 ಮೀಟರ್. ಜೊತೆಗೆ ಗಾಡಿ ನೋಡಿ, ನಿರ್ಧರಿಸಿ, ಬ್ರೇಕ್ ಕಚ್ಚುವಷ್ಟರಲ್ಲಿ ಇನ್ನೊಂದು 15 ಮೀಟರ್. ಸುಲಭವಾಗಲಿ ಅಂತ 400 ಮೀಟರ್ ಅಂತಿಟ್ಟುಕೊಳ್ಳೋಣ.

ಪ್ರತಿ ಗಾಡಿಯ ಮುಂದೆ 400 ಮೀಟರ್ ಖಾಲಿ ಬಿಟ್ಟರೆ ಒಂದು ಲೇನಿನಲ್ಲಿ ಗಂಟೆಗೆ 500 ಗಾಡಿ ಹೋಗುತ್ತವೆ. ಕಾರಿಗೆ ಸರಾಸರಿ ಒಂದೂವರೆ ಜನ ಅಂದರೆ 750 ಮಂದಿ. ಇವತ್ತಿನ ಹೆದ್ದಾರಿಯಲ್ಲಿ ಮನುಷ್ಯರೇ ಓಡಿಸುವಾಗ ಒಂದು ಲೇನಿನಲ್ಲಿ 2,000ದಿಂದ 2,400 ಕಾರು ದಾಟುತ್ತವೆ. ಅಂದರೆ ಅಷ್ಟೆಲ್ಲ ಖರ್ಚು ಮಾಡಿ, ಈಗಿನ ರಸ್ತೆಯ ಕಾಲು ಭಾಗಕ್ಕಿಂತ ಹೆಚ್ಚು ಕಾರು ಹೋಗದ ರಸ್ತೆ ಕಟ್ಟಿದ ಹಾಗಾಯಿತು.

ಹಳಿಯಾಚೆ

400 ಮೀಟರ್ ಯಾಕೆ ಬಿಡಬೇಕು? ಮುಂದಿನ ಗಾಡಿಯೂ ಬ್ರೇಕ್ ಹಾಕಿಯೇ ನಿಲ್ಲಬೇಕಲ್ಲ! ಅದು ಬ್ರೇಕ್ ಒತ್ತಿದ ಕ್ಷಣವೇ ರೇಡಿಯೋದಲ್ಲಿ ಹಿಂದಿನದಕ್ಕೆ ಗೊತ್ತಾಗುತ್ತದೆ, ಎರಡೂ ಒಟ್ಟಿಗೇ ನಿಧಾನವಾಗುತ್ತವೆ. ಇದೇನು ಕಲ್ಪನೆಯಲ್ಲ. 1997ರಲ್ಲಿ ಸ್ಯಾನ್ ಡಿಯೇಗೊ ಹತ್ತಿರ ಎಂಟು ಕಾರುಗಳು 6.5 ಮೀಟರ್ ಅಂತರದಲ್ಲಿ, ರಸ್ತೆಯಲ್ಲಿ ಹುಗಿದ ಅಯಸ್ಕಾಂತಗಳ ಜಾಡು ಹಿಡಿದು, ಯಾರೂ ಸ್ಟಿಯರಿಂಗ್ ಮುಟ್ಟದೆ ಹೆದ್ದಾರಿಯ ವೇಗದಲ್ಲಿ ಓಡಿದವು. ಅದಕ್ಕೂ ಎರಡು ವರ್ಷ ಮೊದಲು ಜರ್ಮನಿಯ ಅರ್ನ್ಸ್ಟ್ ಡಿಕ್‌ಮನ್ಸ್ ಅವರ ತಂಡ ಕ್ಯಾಮೆರಾ ಹಾಕಿದ ಒಂದು ಮರ್ಸಿಡಿಸ್ ಕಾರನ್ನು ಮ್ಯೂನಿಕ್‌ನಿಂದ ಡೆನ್ಮಾರ್ಕಿಗೆ ಕರೆದುಕೊಂಡು ಹೋಗಿತ್ತು. ಆಟೋಬಾನ್‌ನಲ್ಲಿ ಅದು 175 ಕಿ.ಮೀ. ದಾಟಿತ್ತು. ಇದು 1995ರ ಕಂಪ್ಯೂಟರ್!

ಕೆಂಪುಸಿಗ್ನಲ್

ಆ ಕ್ಯಾಮೆರಾ ಕಾರು ನನಗೂ ಇಷ್ಟ. ಆದರೆ ಅದರಲ್ಲಿ ಎಂಜಿನಿಯರು ಕೂತಿದ್ದರು, ಆಗಾಗ ಸ್ಟಿಯರಿಂಗ್ ಹಿಡಿಯಬೇಕಾಗಿಯೂ ಬಂದಿತ್ತು. ಸ್ಯಾನ್ ಡಿಯೇಗೊ ಪ್ರದರ್ಶನ ಮುಗಿದ ಸ್ವಲ್ಪದರಲ್ಲೇ ಅಮೆರಿಕ ಸರ್ಕಾರ ಆ ಕಾರ್ಯಕ್ರಮಕ್ಕೆ ಹಣ ನಿಲ್ಲಿಸಿತು.

ಅಂತರದ ವಿಷಯಕ್ಕೆ ಬರ್ತೀನಿ. ಮುಂದಿನ ರೈಲು ಇದ್ದಲ್ಲೇ ಗೋಡೆಯಾಗಿ ನಿಂತುಬಿಟ್ಟಿದೆ ಅಂತ ಭಾವಿಸಿಯೇ ನಾವು ರೈಲಿನವರು ಹಿಂದಿನ ರೈಲನ್ನು ಬಿಡುವುದು. ಅತಿಯಾಯ್ತು ಅನ್ನಿಸಬಹುದು. 1998ರಲ್ಲಿ ಜರ್ಮನಿಯ ಎಶೆಡೆಯಲ್ಲಿ ಚಕ್ರದ ಲೋಹದ ಪಟ್ಟಿ ಬಿರಿದು, ರೈಲು ಹಳಿ ತಪ್ಪಿ ಸೇತುವೆಗೆ ಬಡಿದು 101 ಜನ ಸತ್ತರು. ಆ ರೈಲು ಬ್ರೇಕ್ ಹಾಕಿ ನಿಂತದ್ದಲ್ಲ, ಬಡಿದು ನಿಂತದ್ದು. ಹಿಂದೆ ಆರು ಮೀಟರಿನಲ್ಲಿ ಇನ್ನೊಂದು ಬರುತ್ತಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ. ರಸ್ತೆಯಲ್ಲಿ ಇಂಥದಕ್ಕೆ ಕಾರಣಗಳು ಇನ್ನೂ ಜಾಸ್ತಿ: ಟೈರ್ ಸಿಡಿಯುತ್ತದೆ, ಆ್ಯಕ್ಸಲ್ ಮುರಿಯುತ್ತದೆ, ಮುಂದಿನ ಗಾಡಿಯಿಂದ ಏನೋ ಬೀಳುತ್ತದೆ.

ಗಾಲಿಗಣಿತ

ಸಾಲಿನ ಲೆಕ್ಕವನ್ನೂ ಮಾಡೋಣ, ಅನ್ಯಾಯ ಬೇಡ. ಹತ್ತು ಕಾರಿನ ಸಾಲು, ನಡುವೆ 6.5 ಮೀಟರ್, ಸಾಲಿಂದ ಸಾಲಿಗೆ 400 ಮೀಟರ್. ಆಗ ಲೇನಿಗೆ ಗಂಟೆಗೆ ಸುಮಾರು 3,900 ಕಾರು. ಒಂದೂವರೆ ಜನದ ಲೆಕ್ಕದಲ್ಲಿ 5,900 ಮಂದಿ ಹತ್ತಿರ. ಇದು ಕಡಿಮೆಯೇನಲ್ಲ. ಆದರೆ ಮೊದಲ ಕಾರಿಗೆ ಏನಾದರೂ ಆದರೆ ಹತ್ತೂ ಕಾರು ಗುದ್ದುತ್ತವೆ ಅನ್ನುವುದನ್ನು ಒಪ್ಪಿಕೊಂಡ ಲೆಕ್ಕ ಇದು.

ಟೋಕಿಯೊ–ಒಸಾಕಾ ನಡುವಿನ ಟೊಕಾಯ್ಡೊ ಶಿಂಕಾನ್ಸೆನ್‌ನಲ್ಲಿ ಜನಜಂಗುಳಿಯ ಹೊತ್ತಿನಲ್ಲಿ ಒಂದು ದಿಕ್ಕಿಗೆ ಗಂಟೆಗೆ 17 ರೈಲು, ಪ್ರತಿಯೊಂದರಲ್ಲೂ 1,323 ಸೀಟು. ಗುಣಿಸಿದರೆ 22,491. ತಮಾಷೆ ಏನೆಂದರೆ ಬ್ರೇಕಿನ ವಿಷಯದಲ್ಲಿ ರೈಲು ಕಾರಿಗಿಂತ ಬಹಳ ದಡ್ಡ. ಉಕ್ಕಿನ ಮೇಲೆ ಉಕ್ಕು, 300 ಕಿ.ಮೀ. ವೇಗದಿಂದ ನಿಲ್ಲಲು ಮೂರೂವರೆ ಕಿ.ಮೀ. ಹತ್ತಿರ ಬೇಕು. ಆದರೂ ಗೆಲ್ಲುತ್ತದೆ. ಬ್ರೇಕಿನ ದೂರ ಗಾಡಿಯ ಬಾಡಿಗೆ ಇದ್ದ ಹಾಗೆ: ಒಳಗೆ ಒಬ್ಬನಿದ್ದರೂ ಅಷ್ಟೇ, ಸಾವಿರ ಜನ ಇದ್ದರೂ ಅಷ್ಟೇ.

ಯೂನಿಟ್_ಲೆಕ್ಕ

ಬ್ರೇಕ್ ಬಿಡಿ, ಮೊದಲು ಬ್ಯಾಟರಿ ಉಳಿಯುತ್ತದಾ ನೋಡಿ.

ಗಾಳಿ ಸೀಳಿಕೊಂಡು ಹೋಗುವಂಥ ಆಕಾರದ, 1,800 ಕೆ.ಜಿ. ತೂಕದ ಎಲೆಕ್ಟ್ರಿಕ್ ಕಾರು ತಗೊಳ್ಳಿ. 120 ಕಿ.ಮೀ. ವೇಗದಲ್ಲಿ ಗಾಳಿ ಸುಮಾರು 340 ನ್ಯೂಟನ್, ಟೈರ್ 160 ನ್ಯೂಟನ್ ಹಿಂದಕ್ಕೆ ಎಳೆಯುತ್ತವೆ. ಕಿ.ಮೀ.ಗೆ 0.14 ಯೂನಿಟ್. 200ಕ್ಕೆ ಏರಿಸಿದರೆ 0.31. 300ಕ್ಕೆ ಏರಿಸಿದರೆ 0.63. ಮೋಟರಿನ, ಬ್ಯಾಟರಿಯ ನಷ್ಟ ಇನ್ನೂ ಸೇರಿಸಿಲ್ಲ. 75 ಯೂನಿಟ್ ಬ್ಯಾಟರಿ 300ರ ವೇಗದಲ್ಲಿ ಅರ್ಧ ಗಂಟೆಯೂ ಬರುವುದಿಲ್ಲ. ಆಮೇಲೆ ಚಾರ್ಜಿಗೆ ನಿಂತರೆ ಗಳಿಸಿದ ಸಮಯವೆಲ್ಲ ಹೋಯ್ತು.

500 ಸೀಟಿನ ಹೈಸ್ಪೀಡ್ ರೈಲು 300ರಲ್ಲಿ ಕಿ.ಮೀ.ಗೆ 15ರಿಂದ 20 ಯೂನಿಟ್ ತಿನ್ನುತ್ತದೆ. ಸೀಟಿಗೆ 0.04 ಯೂನಿಟ್‌ಗಿಂತ ಜಾಸ್ತಿ ಅಲ್ಲ. ನಿಮ್ಮ ಕಾರಿನಲ್ಲಿ ಒಂದೂವರೆ ಜನ ಕೂತು 200ರಲ್ಲಿ ಹೋದರೆ ತಲೆಗೆ 0.2. ಐದು ಪಟ್ಟು ವಿದ್ಯುತ್ತು, ಮೂರನೇ ಎರಡು ಭಾಗದ ವೇಗ. ರೈಲಿಗಿಂತ ಕಾರು ಹಗುರ ಅಂತ ಯಾರಾದರೂ ಅಂದರೆ ಅದೂ ಅರ್ಧ ಸತ್ಯವೇ. 16 ಡಬ್ಬಿಯ ಶಿಂಕಾನ್ಸೆನ್ ಸುಮಾರು 715 ಟನ್, ಸೀಟಿಗೆ 540 ಕೆ.ಜಿ. ಕಾರು ಐದು ಸೀಟಿಗೆ ಹಂಚಿದರೆ 360 ಕೆ.ಜಿ., ಒಂದೂವರೆ ಜನಕ್ಕೆ ಹಂಚಿದರೆ 1,200.

ಹಳಿಯಾಚೆ

ಸಾಲಿನಲ್ಲಿ ಹೋದರೆ ಹಿಂದಿನ ಕಾರುಗಳಿಗೆ ಗಾಳಿಯ ಕಾಟ ಚೆನ್ನಾಗಿಯೇ ಕಡಿಮೆಯಾಗುತ್ತದೆ, ಅದನ್ನು ಸೇರಿಸಿಲ್ಲ ನೀವು. ಬ್ಯಾಟರಿಗೆ ರಸ್ತೆಯಿಂದಲೇ ಕರೆಂಟ್ ಕೊಡಬಹುದು. ಸ್ವೀಡನ್ 2016ರಲ್ಲೇ ಹೆದ್ದಾರಿ ಮೇಲೆ ತಂತಿ ಎಳೆದು ಲಾರಿ ಓಡಿಸಿತು, ಜರ್ಮನಿ 2019ರಲ್ಲಿ ಎ5 ಹೆದ್ದಾರಿಯಲ್ಲಿ ಅದೇ ಮಾಡಿತು. ಸ್ವೀಡನ್ನಿನದೇ ಆರ್ಲಾಂಡಾ ವಿಮಾನ ನಿಲ್ದಾಣದ ಹತ್ತಿರ ರಸ್ತೆಯೊಳಗೇ ಕರೆಂಟಿನ ಪಟ್ಟಿ ಹುದುಗಿಸಿದರು.

ಕೆಂಪುಸಿಗ್ನಲ್

ಬೇಲಿ ಹಾಕಿದಿರಿ, ದಾರಿ ಮೀಸಲಿಟ್ಟಿರಿ, ಗಾಡಿಗಳನ್ನು ಒಂದಕ್ಕೊಂದು ಪೋಣಿಸಿದಿರಿ, ಈಗ ತಂತಿಯನ್ನೂ ಎಳೆದಿರಿ. ಇನ್ನು ಟೈರ್ ಬಿಚ್ಚಿ ಉಕ್ಕಿನ ಚಕ್ರ ಹಾಕುವುದೊಂದೇ ಬಾಕಿ ಗುರುವೇ.

ಮುಂಗಾರು

ಮಳೆ ಬಗ್ಗೆ ಯಾರೂ ಮಾತಾಡ್ತಿಲ್ಲ. ನೀರು ನಿಂತ ರಸ್ತೆಯಲ್ಲಿ ಮಾಮೂಲಿ ಕಾರಿನ ಟೈರು 90 ಕಿ.ಮೀ. ಆಸುಪಾಸಿನಲ್ಲೇ ನೀರಿನ ಮೇಲೆ ತೇಲಲು ಶುರು ಮಾಡಬಹುದು. ತೇಲಿದ ಮೇಲೆ ಬ್ರೇಕೂ ಇಲ್ಲ, ಸ್ಟಿಯರಿಂಗೂ ಇಲ್ಲ, ಕಂಪ್ಯೂಟರ್ ಸುಮ್ಮನೆ ನೋಡುತ್ತಿರಬೇಕು. ಜೋರು ಮಳೆ ಬಂದಾಗಲೆಲ್ಲ 200ರ ರಸ್ತೆ 80ರ ರಸ್ತೆ ಆಗುತ್ತದೆ. ಆ ದಿನ ನಿಮ್ಮ ವೇಳಾಪಟ್ಟಿ ಏನು?

ಡಾಂಬರು

ರಸ್ತೆ ಕಟ್ಟುವ ಕಡೆಯಿಂದ ಒಂದು ಮಾತು. "ರಸ್ತೆ ಅಗ್ಗ" ಅನ್ನುವುದು 100–120ರ ವೇಗದ ರಸ್ತೆಗೆ ಮಾತ್ರ. 120ಕ್ಕೆ ತಿರುವಿನ ತ್ರಿಜ್ಯ 750 ಮೀಟರ್ ಇದ್ದರೆ ಹೇಗೋ ಆಗುತ್ತದೆ. 200ಕ್ಕೆ ಅದೇ ಹಿತದಲ್ಲಿ ತಿರುಗಬೇಕಾದರೆ 2 ಕಿ.ಮೀ.ಗಿಂತ ಜಾಸ್ತಿ ಬೇಕು. ಟೊಕಾಯ್ಡೊ ಹಳಿಯ ತಿರುವುಗಳನ್ನು ಕಟ್ಟಿದ್ದು 2.5 ಕಿ.ಮೀ. ತ್ರಿಜ್ಯಕ್ಕೆ. ಗೆರೆ ಅಷ್ಟು ನೇರವಾದ ಕೂಡಲೇ ಗುಡ್ಡ ಬಂದರೆ ಸುರಂಗ, ಕಣಿವೆ ಬಂದರೆ ಸೇತುವೆ, ಊರು ಬಂದರೆ ಕೋರ್ಟು. ಕ್ಯಾಲಿಫೋರ್ನಿಯಾದ ಹಣ ಬರೀ ಉಕ್ಕಿನ ಹಳಿಗೆ ಹೋದದ್ದಲ್ಲ, ಜಾಗಕ್ಕೆ, ಸೇತುವೆಗೆ, ಜಗಳಕ್ಕೆ ಹೋದದ್ದು. ನಿಮ್ಮ ರಸ್ತೆಗೂ ಅವೆಲ್ಲ ಬೇಕು. ಅಗಲ ಇನ್ನೂ ಜಾಸ್ತಿ, ಏಕೆಂದರೆ ಕೆಟ್ಟ ಗಾಡಿ ಪಕ್ಕಕ್ಕೆ ನಿಲ್ಲಲು ಜಾಗ ಬೇಕು. ಸುರಂಗವೂ ಅಷ್ಟೇ ಅಗಲ.

ಒಂದು ಕಡೆ ಮಾತ್ರ ನಿಮ್ಮ ಕೈ ಮೇಲು: ಏರು. ರಬ್ಬರ್ ಚಕ್ರ ಹತ್ತುವ ಏರು ಸಾಮಾನ್ಯ ರೈಲಿಗೆ ಆಗುವುದಿಲ್ಲ. ಪ್ಯಾರಿಸ್–ಲಿಯೋನ್ ಹೈಸ್ಪೀಡ್ ರೈಲಿನ ದಾರಿಯಲ್ಲಿ ಸಾವಿರಕ್ಕೆ 35ರ ಏರು ಇಟ್ಟು ಸುರಂಗಗಳನ್ನೇ ತಪ್ಪಿಸಿದರು, ನಿಜ. ರಸ್ತೆಗೆ ಅದಕ್ಕಿಂತ ಕಡಿದೂ ಆಗುತ್ತದೆ.

ಕಿಟಕಿಸೀಟು

ನೀವೆಲ್ಲ ವೇಗಕ್ಕೇ ಜೋತುಬಿದ್ದಿದ್ದೀರಿ. ಚಾಲಕ ಇಲ್ಲ ಅಂದಮೇಲೆ ಬದಲಾಗುವುದು ವೇಗ ಅಲ್ಲ, ನನ್ನ ಸಮಯ. ಕಾರು ತಾನೇ ಓಡಿಸಿಕೊಳ್ಳುತ್ತದೆ ಅಂದರೆ ನಾನು ಮಲಗುತ್ತೇನೆ. ರಾತ್ರಿ ಹತ್ತಕ್ಕೆ ಹತ್ತಿ, ಗಂಟೆಗೆ 100ರಂತೆ ನಿಧಾನವಾಗಿ ಹೋದರೂ ಬೆಳಗ್ಗೆ ಐದಕ್ಕೆ 700 ಕಿ.ಮೀ. ಆಗಿರುತ್ತದೆ. ಆ ಏಳು ಗಂಟೆ ನಾನು ಮನೆಯಲ್ಲಿದ್ದರೂ ನಿದ್ದೆಯೇ. ಹೈಸ್ಪೀಡ್ ರೈಲು ಅದೇ ದೂರವನ್ನು ಮೂರು ಗಂಟೆಯಲ್ಲಿ ಮುಗಿಸಿದರೂ ನನ್ನ ಎಚ್ಚರದ ಮೂರು ಗಂಟೆ ತಿನ್ನುತ್ತದೆ. 200ಕ್ಕೆ ಹೊಸ ರಸ್ತೆ ಯಾಕೆ? ಇರುವ ರಸ್ತೆ ಸಾಕಲ್ಲ?

ಯೂನಿಟ್_ಲೆಕ್ಕ

ಇದು ಇಲ್ಲಿತನಕ ಬಂದದ್ದರಲ್ಲಿ ಗಟ್ಟಿ ಮಾತು. 100ರ ವೇಗದಲ್ಲಿ ಬ್ಯಾಟರಿಗೂ ನೆಮ್ಮದಿ. ಮಧ್ಯರಾತ್ರಿ ಗಾಡಿಯೇ ಹೋಗಿ ಚಾರ್ಜಿಗೆ ನಿಂತರೆ ಮಲಗಿದವನಿಗೆ ಗೊತ್ತೂ ಆಗುವುದಿಲ್ಲ. ಒಂದೇ ತೊಂದರೆ: ಇಷ್ಟು ಸುಖ ಆದರೆ ಈಗ ಮನೆಯಲ್ಲೇ ಇರುವವರೂ ಹೊರಡುತ್ತಾರೆ. ರಸ್ತೆ ಅಗಲ ಮಾಡಿದಾಗೆಲ್ಲ ಆದದ್ದೇ ಇಲ್ಲೂ ಆಗುತ್ತದೆ. ಮೇಲಿಂದ ಖಾಲಿ ಗಾಡಿಗಳು ವಾಪಸ್ ಹೋಗುವ ಸಂಚಾರ ಬೇರೆ.

ಕೆಂಪುಸಿಗ್ನಲ್

ಮಲಗಿಕೊಂಡು ಹೋಗುವುದು ಕಾನೂನಿನಲ್ಲಿ ಅಷ್ಟು ಸುಲಭವಲ್ಲ. ಹೆದ್ದಾರಿಯಲ್ಲಿ ಕೈ ಬಿಟ್ಟು ಕೂರಲು ಅವಕಾಶ ಕೊಡುವ ವಿಶ್ವಸಂಸ್ಥೆಯ 157ನೇ ನಿಯಮ ಮೊದಲು 60 ಕಿ.ಮೀ. ವೇಗಕ್ಕೆ ಮಾತ್ರ ಇತ್ತು, 2023ರಿಂದ 130ಕ್ಕೆ ಏರಿಸಿದರು. ಆದರೆ ಅದರಡಿ ಗಾಡಿ "ಈಗ ನೀನು ಓಡಿಸು" ಅಂದರೆ ಓಡಿಸಲು ಮನುಷ್ಯ ಎದ್ದಿರಬೇಕು. 200 ಅಂತೂ ಆ ಪುಸ್ತಕದಲ್ಲೇ ಇಲ್ಲ.

ಹಳಿಯಾಚೆ

ಕಾನೂನು ಗಾಡಿಯ ಹಿಂದೆ ಬರುತ್ತದೆ, ಯಾವತ್ತೂ ಮುಂದೆ ಅಲ್ಲ.

ಸುರಕ್ಷತೆಯ ಮಾತು ಬಂದಾಗೆಲ್ಲ ರೈಲಿನವರು ಶಿಂಕಾನ್ಸೆನ್ ತೋರಿಸ್ತೀರಿ. ಹಳಿ ತಪ್ಪಿ ಅಥವಾ ಡಿಕ್ಕಿಯಾಗಿ ಅಲ್ಲಿ ಒಬ್ಬ ಪ್ರಯಾಣಿಕನೂ ಸತ್ತಿಲ್ಲ, ಒಪ್ಪುತ್ತೇನೆ. ಆದರೆ ಎಶೆಡೆ ನೀವೇ ಹೇಳಿದಿರಿ. 2011ರಲ್ಲಿ ಚೀನಾದ ವೆನ್‌ಝೌ ಹತ್ತಿರ ಸಿಗ್ನಲ್ ಕೈಕೊಟ್ಟು ಒಂದು ರೈಲು ಇನ್ನೊಂದಕ್ಕೆ ಗುದ್ದಿ 40 ಜನ ಸತ್ತರು. 2013ರಲ್ಲಿ ಸ್ಪೇನಿನ ಸ್ಯಾಂಟಿಯಾಗೊದಲ್ಲಿ ತಿರುವಿಗೆ ಅತಿವೇಗ. ಜಗತ್ತಿನ ರಸ್ತೆಗಳಲ್ಲಿ ವರ್ಷಕ್ಕೆ ಸಾಯುವ ಸುಮಾರು 11.9 ಲಕ್ಷ ಜನರಲ್ಲಿ ಬಹುಪಾಲು ಮನುಷ್ಯ ಓಡಿಸಿದ್ದರಿಂದಲೇ. ಅವನನ್ನು ತೆಗೆದ ಮೇಲಿನ ರಸ್ತೆಯನ್ನು ಇವತ್ತಿನ ರಸ್ತೆಯ ಜೊತೆ ತೂಗಬೇಡಿ.

ಗಾಲಿಗಣಿತ

ತೂಗುತ್ತಿಲ್ಲ. ನಾನು ಹೇಳುವುದು ಬೇರೆ: ನಿಮ್ಮ ಯೋಜನೆಯಲ್ಲಿ ಕಾರು ತೆಗೆದು ಬಸ್ಸು ಹಾಕಿ. 40 ಸೀಟಿನ ಬಸ್ಸು, 200 ಕಿ.ಮೀ. ವೇಗ, ಮುಂದೆ ಪೂರ್ತಿ 400 ಮೀಟರ್ ಖಾಲಿ, ಯಾವ ಸಾಲೂ ಬೇಡ. ಲೇನಿಗೆ ಗಂಟೆಗೆ 480 ಬಸ್ಸು, 19,000 ಜನ. ಟೊಕಾಯ್ಡೊ ಹತ್ತಿರ ಹತ್ತಿರ! ಇದು ಕಾಗದದ ಲೆಕ್ಕ ಮಾತ್ರ ಅಂತ ತಳ್ಳಿಹಾಕುವ ಹಾಗಿಲ್ಲ. ನ್ಯೂಜೆರ್ಸಿಯಿಂದ ನ್ಯೂಯಾರ್ಕಿನ ಲಿಂಕನ್ ಸುರಂಗಕ್ಕೆ ಹೋಗುವ ದಾರಿಯಲ್ಲಿ 1970ರಿಂದ ಬೆಳಗಿನ ಹೊತ್ತು ಒಂದೇ ಒಂದು ಲೇನನ್ನು ಬಸ್ಸಿಗೆ ಬಿಟ್ಟಿದ್ದಾರೆ. ಅದರಲ್ಲಿ ಒಂದು ಬೆಳಗ್ಗೆ ಸುಮಾರು 1,850 ಬಸ್ಸು, 70,000 ಜನ ಹೋಗುತ್ತಿದ್ದರು. ಓಡಿಸುವವರು ಮನುಷ್ಯರೇ, ವೇಗ ಮಾತ್ರ ಕಡಿಮೆ. ಸೋಲುವುದು ರಸ್ತೆ ಅಲ್ಲ ಸ್ವಾಮಿ, ಕಾರು.

ಕಾರಿನ ಇನ್ನೊಂದು ಸೋಲು ಊರ ಬಾಗಿಲಲ್ಲಿದೆ. ಗಂಟೆಗೆ 20,000 ಜನರನ್ನು ಒಂದೂವರೆಯಂತೆ ತುಂಬಿಸಿದರೆ 13,000 ಕಾರು. ಹೆದ್ದಾರಿ ಅವನ್ನು ಹೇಗೋ ತಂದು ಬಿಟ್ಟಿತು ಅಂತಿಟ್ಟುಕೊಳ್ಳಿ. ಊರೊಳಗಿನ ಬೀದಿಗಳು ನುಂಗಬೇಕಲ್ಲ? "ಮನೆ ಬಾಗಿಲಿಗೆ" ಅನ್ನುವ ಮಾತು ಅಲ್ಲಿ ಸಿಕ್ಕಿಬೀಳುತ್ತದೆ.

ಹಳಿಯಾಚೆ

200ರ ಬಸ್ಸು ಅಂದಿರಿ, ಒಂದು ನೆನಪಿಸ್ತೀನಿ. ಬಾಹ್ಯಾಕಾಶಕ್ಕೆ ಹೋಗಿಬಂದ ವುಬ್ಬೊ ಓಕೆಲ್ಸ್ ಡೆಲ್ಫ್ಟ್ ವಿಶ್ವವಿದ್ಯಾಲಯದಲ್ಲಿ ಸೂಪರ್‌ಬಸ್ ಅಂತ ಮಾಡಿಸಿದ್ದರು. 15 ಮೀಟರ್ ಉದ್ದ, 23 ಸೀಟು, ಎಲೆಕ್ಟ್ರಿಕ್, 250 ಕಿ.ಮೀ. ವೇಗದ ಗುರಿ. 2011ರಲ್ಲಿ ದುಬೈನಲ್ಲಿ ತೋರಿಸಿದರು. ಮೀಸಲು ದಾರಿಯಲ್ಲಿ ಜೋರಾಗಿ, ಊರೊಳಗೆ ಮಾಮೂಲಿ ಬಸ್ಸಿನಂತೆ. ನನ್ನ ಯೋಚನೆಯೇ ಅದು.

ಕೆಂಪುಸಿಗ್ನಲ್

ಅದು ಒಂದೇ ಒಂದು ಗಾಡಿಯಾಗಿ ಉಳಿಯಿತು, ದಾರಿ ಕಟ್ಟಲು ಯಾರೂ ಮುಂದೆ ಬರಲಿಲ್ಲ. ಆ ಮೀಸಲು ದಾರಿಯೇ ದುಬಾರಿ ಅಂತ ಡಾಂಬರು ಆಗಲೇ ಹೇಳಿದ್ದಾರಲ್ಲ. ಮಾತಿಗಿಂತ ಹೆಚ್ಚು ಕೆಲಸ ಮಾಡಿದ್ದು ಅಡಿಲೇಡಿನ ಓ-ಬಾನ್. 1986ರಿಂದ ಸುಮಾರು 12 ಕಿ.ಮೀ. ಕಾಂಕ್ರೀಟ್ ಜಾಡಿನಲ್ಲಿ ಬಸ್ಸು ತಾನೇ ತಿರುಗಿಕೊಂಡು ಹೋಗುತ್ತದೆ, ಜಾಡು ಮುಗಿದಲ್ಲಿ ಬೀದಿಗೆ ಇಳಿಯುತ್ತದೆ. ಪ್ರಯಾಣಿಕ ಗಾಡಿ ಬದಲಿಸುವುದಿಲ್ಲ. 200ರ ಕನಸೂ ಅದಕ್ಕೆ ಬೀಳಲಿಲ್ಲ, ಅದಕ್ಕೇ ಇವತ್ತಿಗೂ ಓಡುತ್ತಿದೆ.

ಗಾಲಿಗಣಿತ

ಚಾಲಕರಹಿತ ಗಾಡಿ ನಿಜಕ್ಕೂ ರೈಲನ್ನು ಹೊಡೆಯುವುದು ಎಲ್ಲಿ ಅಂತ ನನಗನ್ನಿಸುವುದನ್ನು ಹೇಳಿಬಿಡ್ತೀನಿ. ಜನ ಕಡಿಮೆ ಇರುವ ದಾರಿಯಲ್ಲಿ.

300 ಕಿ.ಮೀ. ದೂರದ ಎರಡು ಊರು, ದಿನಕ್ಕೆ ಎರಡೂ ದಿಕ್ಕು ಸೇರಿ 4,000 ಜನ. 500 ಸೀಟಿನ ರೈಲು ತುಂಬಿಸಿಕೊಂಡು ಹೊರಡಬೇಕಾದರೆ ದಿಕ್ಕಿಗೆ ದಿನಕ್ಕೆ ನಾಲ್ಕು. 16 ಗಂಟೆಯಲ್ಲಿ ನಾಲ್ಕು ಅಂದರೆ ನಾಲ್ಕು ಗಂಟೆಗೊಂದು. ಒಳಗೆ ಕೂತ ಮೇಲೆ ಒಂದೂವರೆ ಗಂಟೆಯೊಳಗೆ ತಲುಪಬಹುದು, ಆದರೆ ಅದು ಹೊರಡುವ ಹೊತ್ತಿಗೆ ನೀವು ಬದುಕಬೇಕು. ಅದೇ ಜನರನ್ನು 16 ಸೀಟಿನ ಸಣ್ಣ ಗಾಡಿಗಳಿಗೆ ಹಾಕಿ: ದಿಕ್ಕಿಗೆ 125 ಟ್ರಿಪ್, ಎಂಟು ನಿಮಿಷಕ್ಕಿಂತ ಮೊದಲೇ ಇನ್ನೊಂದು. ಇರುವ ಹೆದ್ದಾರಿಯಲ್ಲೇ 120ರಂತೆ ಎರಡೂವರೆ ಗಂಟೆ. ಚಾಲಕನಿಗೆ ಸಂಬಳ ಕೊಡುವ ತನಕ 16 ಸೀಟಿನ ಗಾಡಿ ದಂಡ. ಅದಕ್ಕೇ ಇವತ್ತು ದೂರದ ದಾರಿಗೆಲ್ಲ ದೊಡ್ಡ ಬಸ್ಸೇ. ಚಾಲಕ ಹೋದ ದಿನ ಗಾಡಿ ಚಿಕ್ಕದಾಗಬಹುದು, ಪದೇ ಪದೇ ಹೊರಡಬಹುದು.

ದಿನಕ್ಕೆ 4 ಲಕ್ಷ ಜನ ಹೋಗುವ ದಾರಿಯಲ್ಲಿ ಮಾತ್ರ ಇದೆಲ್ಲ ತಲೆಕೆಳಗು. ಟೊಕಾಯ್ಡೊದಲ್ಲಿ ಅಷ್ಟು ಜನ ಇದ್ದಾರೆ, ಅಲ್ಲಿ ರೈಲಿಗಾಗಿ ಕಾಯುವುದು ನಿಮಿಷಗಳ ಮಾತು. ಎರಡೂವರೆ ಗಂಟೆಯಲ್ಲಿ ಮುಗಿಯುವುದನ್ನು ಯಾರು ನಾಲ್ಕೂಕಾಲು ಗಂಟೆ ಕೂತು ಹೋಗುತ್ತಾರೆ?

ಕಿಟಕಿಸೀಟು

ರಾತ್ರಿಯಾದರೆ ನಾನು.

ಡಾಂಬರು

ಒಂದು ವಿಚಾರ ಉಳಿದಿದೆ, ಗಾಲಿಗಣಿತರ 16 ಸೀಟಿಗೂ ಹಳಿಯಾಚೆಯವರ ಸಾಲಿಗೂ ಅನ್ವಯಿಸುತ್ತದೆ. ಮನುಷ್ಯ ಓಡಿಸುವಾಗ ಗಾಡಿ ಲೇನಿನೊಳಗೆ ಆಚೀಚೆ ಅಲೆಯುತ್ತದೆ. ಆ ಅಲೆದಾಟದಿಂದಲೇ ಸವಕಲು ಹಂಚಿಹೋಗಿ ರಸ್ತೆ ಬಾಳಿಕೆ ಬರುವುದು. ಕಂಪ್ಯೂಟರ್ ಎಲ್ಲ ಗಾಡಿಯನ್ನೂ ಅದೇ ಗೆರೆ ಮೇಲೆ ಓಡಿಸಿದರೆ ಚಕ್ರದ ಜಾಗದಲ್ಲಿ ಬೇಗ ಗುಂಡಿ ಬಿದ್ದು ಕಾಲುವೆಯಾಗುತ್ತದೆ. ಆ ಕಾಲುವೆಯಲ್ಲಿ ನೀರು ನಿಂತರೆ ಮುಂಗಾರು ಹೇಳಿದ ತೇಲಾಟ.

ಅಮೆರಿಕದಲ್ಲಿ 1950ರ ದಶಕದ ಕೊನೆಯಲ್ಲಿ ನಡೆದ ದೊಡ್ಡ ರಸ್ತೆ ಪರೀಕ್ಷೆಯಿಂದ ಬಂದ ಲೆಕ್ಕ ಎಲ್ಲ ಎಂಜಿನಿಯರಿಗೂ ಗೊತ್ತು: ಆ್ಯಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಪೆಟ್ಟು ಸುಮಾರು 16 ಪಟ್ಟು. ಬ್ಯಾಟರಿ ತುಂಬಿದ 40 ಸೀಟಿನ ಬಸ್ಸು ಈ ಲೆಕ್ಕದಲ್ಲಿ ಹಗುರ ಅಲ್ಲ. ಸಣ್ಣ ಗಾಡಿ ವಾಸಿ.

ಹಳಿಯಾಚೆ

ಅದಕ್ಕೆ ಸಾಫ್ಟ್‌ವೇರಿನಲ್ಲಿ ನಾಲ್ಕು ಸಾಲು ಬರೆದರೆ ಆಯ್ತಲ್ಲ? ಪ್ರತಿ ಗಾಡಿಗೂ ಬೇರೆ ಬೇರೆ ಗೆರೆ ಕೊಡಿ, ಅರ್ಧ ಮೀಟರ್ ಒಳಗೆ ಹಂಚಿ. ಮನುಷ್ಯನಿಗಿಂತ ಸಮವಾಗಿಯೇ ಸವೆಯುತ್ತದೆ.

ಡಾಂಬರು

ಆಗುತ್ತದೆ. ಆದರೆ ಸಾಲಿನಲ್ಲಿ ಹೋಗುವಾಗ ಹಿಂದಿನ ಗಾಡಿ ಅರ್ಧ ಮೀಟರ್ ಪಕ್ಕಕ್ಕಿದ್ದರೆ ನೀವು ಲೆಕ್ಕ ಹಾಕಿದ್ದ ಗಾಳಿಯ ಉಳಿತಾಯದಲ್ಲಿ ಸ್ವಲ್ಪ ಹೋಗುತ್ತದೆ. ಯೂನಿಟ್_ಲೆಕ್ಕ ಅದನ್ನು ನೋಡಲಿ.